ಮರ ಏರುವವರ ಆರೋಗ್ಯದ ಹೊಣೆ ಯಾರದು?

(ನಮ್ಮ ಬಳಗದ ಮಳೆಗಾಲಪೂರ್ವ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾನು ಸಸ್ಯರೋಗಗಳನ್ನು ಅಭ್ಯಾಸ ಮಾಡಿದವನು. ಅಡಿಕೆಯ ಕೊಳೆರೋಗದ ಬಗ್ಗೆ ಇದೇ ವೇದಿಕೆಯಲ್ಲಿ ಹಲವು ಬಾರಿ ಮಾತನಾಡಿದ್ದೇನೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಕಾರಣವನ್ನು ವಿವರಿಸಿ, ಬೋರ್ಡೋ ದ್ರಾವಣವನ್ನು ಪರಿಹಾರವಾಗಿ ಸೂಚಿಸಿದರು. ಅಂದಿನಿಂದ ಇಂದಿನವರೆಗೆ ನಾವು ವಿಜ್ಞಾನಿಗಳು ರೈತರಿಗೆ ಹೇಳುತ್ತ ಬಂದಿರುವುದು ಒಂದೇ ಮಾತು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ತರುವಾಯ ಇನ್ನೊಮ್ಮೆ. ಆದರೆ ಆ ದ್ರಾವಣವನ್ನು ಐವತ್ತು ಅಡಿ ಎತ್ತರದ ಗೊನೆಗೆ ತಲುಪಿಸುವ ಮನುಷ್ಯನ ದೇಹದ ವಿಷಯವಾಗಿ ನನ್ನ ಯಾವ ಲೇಖನದಲ್ಲಿಯೂ ಒಂದು ಸಾಲಿಲ್ಲ. ಆ ಲೋಪವನ್ನು ಒಪ್ಪಿಕೊಂಡು ಇಂದಿನ ಮಾತನ್ನು ಆರಂಭಿಸುತ್ತೇನೆ.

ಎಂಟು ಜನರ ಒಂದು ತಂಡ

ಕೆಲವು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಮರಗಳ ಆರೈಕೆಗೆಂದೇ ಎಂಟು ಜನರ ಒಂದು ಪುಟ್ಟ ತಂಡ ಕಟ್ಟಿದೆವು. ಕೊನೆ ಕೊಯ್ಯುವುದು, ಔಷಧಿ ಹೊಡೆಯುವುದು, ತೆಂಗಿನ ಮರ ಶುಚಿ ಮಾಡುವುದು, ಮನೆಯ ಮೇಲೆ ಬಾಗಿದ ಮರಗಳ ಕೊಂಬೆಯನ್ನು ಮರ ಸಾಯದಂತೆ ಸವರುವುದು ಇವರ ಕೆಲಸ. ತಂಡದಲ್ಲಿ ಇಬ್ಬರು ಅನುಭವಿ ಕೊನೆಗೌಡರು, ಉಳಿದವರು ಅವರಿಂದ ಕಲಿತ ಯುವಕರು. ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಆರೋಗ್ಯದ ಏರ್ಪಾಡು ಏನು ಎಂದು ಯಾರಾದರೂ ಕೇಳಿದರೆ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ: ಎಲ್ಲರಿಗೂ ವಿಮೆ ಮಾಡಿಸಿದ್ದೇವೆ. ಆ ವಿಮೆಯೆಂದರೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 12 ರೂಪಾಯಿ ಇದ್ದ ಕಂತು 2022ರ ಜೂನ್‌ನಿಂದ 20 ರೂಪಾಯಿ ಆಗಿದೆ.

ಒಂದು ಆಗಸ್ಟ್ ತಿಂಗಳು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಎರಡನೆಯ ಸಿಂಪಡಣೆಗೆ ತಡವಾಗಿದೆಯೆಂದು ತೋಟದವರೆಲ್ಲ ಅವಸರ ಮಾಡುತ್ತಿದ್ದರು. ಪಾಚಿ ಕಟ್ಟಿದ ಮರದಿಂದ ನಮ್ಮ ತಂಡದ ಯುವಕನೊಬ್ಬ ಜಾರಿ ಬಿದ್ದ. ಅವನ ಕಾಲಿನ ಎಲುಬು ಎರಡು ಕಡೆ ಮುರಿದಿತ್ತು. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿ ಇದ್ದುದರಿಂದ ಶಸ್ತ್ರಚಿಕಿತ್ಸೆಯ ವೆಚ್ಚ ಆಯುಷ್ಮಾನ್ ಯೋಜನೆಯಲ್ಲಿ ಕಳೆಯಿತು. ಆದರೆ ನಾಲ್ಕು ತಿಂಗಳು ಅವನು ನೆಲಕ್ಕೆ ಕಾಲೂರಲಿಲ್ಲ. ಅವನ ಆರೈಕೆಗಾಗಿ ಹೆಂಡತಿ ಕೂಲಿ ಬಿಟ್ಟಳು. ಕಿವಿಯ ಓಲೆ ಸೊಸೈಟಿಯಲ್ಲಿ ಅಡವಿಗೆ ಹೋಯಿತು.

ನಾನು ವಿಮೆಯ ಕಾಗದ ಹಿಡಿದು ಹೊರಟೆ. ನಿಯಮವನ್ನು ಸರಿಯಾಗಿ ಓದಿದ್ದು ಆಗಲೇ. ಅಪಘಾತದಲ್ಲಿ ಮರಣ ಹೊಂದಿದರೆ ಅಥವಾ ಎರಡೂ ಕೈ, ಎರಡೂ ಕಾಲು, ಎರಡೂ ಕಣ್ಣುಗಳಂತಹ ಪೂರ್ಣ ನಷ್ಟವಾದರೆ ಎರಡು ಲಕ್ಷ. ಒಂದು ಕಾಲೋ ಒಂದು ಕೈಯೋ ಶಾಶ್ವತವಾಗಿ ನಿರುಪಯುಕ್ತವಾದರೆ ಒಂದು ಲಕ್ಷ. ಮುರಿದು ಕೂಡಿಕೊಳ್ಳುವ ಎಲುಬಿಗೆ ಏನೂ ಇಲ್ಲ. ಈ ಮಾತನ್ನು ತಿಳಿಸಿದಾಗ ಅವನ ಹೆಂಡತಿ ಕೇಳಿದಳು: "ಅಣ್ಣಾ, ಕಾಲು ಸರಿ ಆಗ್ತದೆ ಅಂತ ದುಡ್ಡಿಲ್ಲ ಅಂದ್ರೆ, ಸರಿ ಆಗ್ಲಿಲ್ಲ ಅಂದಿದ್ರೆ ಕೊಡ್ತಿದ್ರಾ?"

ನನ್ನಲ್ಲಿ ಉತ್ತರವಿರಲಿಲ್ಲ. ವಿಮೆ ತನ್ನ ನಿಯಮದಂತೆಯೇ ನಡೆದಿತ್ತು. ಒಂದು ಕಂತು ಕಟ್ಟಿ ನಿಶ್ಚಿಂತನಾಗಿದ್ದುದು ನನ್ನ ತಪ್ಪು.

ಮೂರು ಬೇರೆ ಬೇರೆ ನಷ್ಟಗಳು

ಅಂದಿನಿಂದ ನಾನು ಕಲಿತದ್ದು ಇಷ್ಟು. ಮರದಿಂದ ಬಿದ್ದವನ ಮನೆಗೆ ಮೂರು ಬಗೆಯ ನಷ್ಟ ಬರಬಹುದು. ಮೊದಲನೆಯದು ಪ್ರಾಣ ಅಥವಾ ಅಂಗದ ನಷ್ಟ, ಎರಡನೆಯದು ಚಿಕಿತ್ಸೆಯ ವೆಚ್ಚ, ಮೂರನೆಯದು ಹಾಸಿಗೆಯಲ್ಲಿರುವ ದಿನಗಳ ದುಡಿಮೆಯ ನಷ್ಟ. ಇವುಗಳಲ್ಲಿ ಒಂದಕ್ಕೆ ಮಾಡಿದ ಏರ್ಪಾಡು ಇನ್ನೊಂದಕ್ಕೆ ಒದಗುವುದಿಲ್ಲ.

ಮೊದಲನೆಯದಕ್ಕೆ ನಾನು ಹೇಳಿದ 20 ರೂಪಾಯಿಯ ವಿಮೆ ಇದೆ. 18ರಿಂದ 70 ವಯಸ್ಸಿನವರಿಗೆ ಅನ್ವಯಿಸುತ್ತದೆ. ಯಾವುದೇ ಕಾರಣದ ಮರಣಕ್ಕೆ ಎರಡು ಲಕ್ಷ ಕೊಡುವ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ. 50 ವಯಸ್ಸಿನೊಳಗೆ ಸೇರಬೇಕು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಇವೆರಡರ ವರ್ಷ ಜೂನ್ 1ಕ್ಕೆ ಆರಂಭವಾಗಿ ಮೇ 31ಕ್ಕೆ ಮುಗಿಯುತ್ತದೆ. ಕಂತು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಕೊಯ್ಲು ಮುಗಿದು ತಿಂಗಳುಗಳಾದ ಮೇ ಕೊನೆಯಲ್ಲಿ ನಮ್ಮವರ ಖಾತೆ ಬರಿದಾಗಿರುತ್ತದೆ. ಹಣವಿಲ್ಲದೆ ವಿಮೆ ತಪ್ಪಿಹೋದ ಮರುವಾರವೇ ಮಳೆ ಬರುತ್ತದೆ, ಮರ ಜಾರತೊಡಗುತ್ತದೆ! ಆದ್ದರಿಂದ ಮೇ 20ರೊಳಗೆ ಪ್ರತಿಯೊಬ್ಬರ ಖಾತೆಯಲ್ಲಿ ಹಣವಿದೆಯೇ ಎಂದು ನೋಡುವುದು ಈಗ ನಮ್ಮ ತಂಡದ ನಿಯಮ.

ಎರಡನೆಯದು ಚಿಕಿತ್ಸೆ. 2018ರಿಂದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಉಳಿದ ಕುಟುಂಬಗಳಿಗೆ ನಿಗದಿತ ದರದ ಶೇಕಡ 30, ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ಒಂದು ಕಾಗದವಿಲ್ಲದೆ ಹಣ ಕಟ್ಟಿದವರು ನಮ್ಮ ನಡುವೆ ಬಹಳ ಮಂದಿ. ಇನ್ನೊಂದು, ಸಹಕಾರಿ ಸದಸ್ಯರ ಯಶಸ್ವಿನಿ. 2003ರಲ್ಲಿ ಕಾರ್ಯಾರಂಭಿಸಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದ ಯೋಜನೆಯಿದು. ಹೊಸದಾಗಿ ಆರಂಭವಾದಾಗ ಗ್ರಾಮೀಣ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, ಐದು ಲಕ್ಷದ ಮಿತಿ ನಿಗದಿಯಾಯಿತು. ತೋಟದ ಯಜಮಾನ ಸೊಸೈಟಿಯ ಸದಸ್ಯನಾಗಿರುತ್ತಾನೆ, ಅವನ ಮರ ಏರುವವನು ಆಗಿರುವುದಿಲ್ಲ. ನಮ್ಮ ತಂಡದವರಿಗೆ ನಾವು ಮೊದಲು ಮಾಡಿಸಿದ್ದು ಸೊಸೈಟಿಯ ಸದಸ್ಯತ್ವವನ್ನೇ. ನೋಂದಣಿಗೆ ಪ್ರತಿವರ್ಷ ಗಡುವು ಇರುತ್ತದೆ. ಅದನ್ನು ಕೇಳಿ ತಿಳಿದಿರಬೇಕು. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯೂ ಇದ್ದು, ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಭರಿಸುತ್ತದೆ.

ಮೂರನೆಯದು ದುಡಿಮೆಯ ನಷ್ಟ. ಇಲ್ಲಿಯೇ ನಮ್ಮ ಹುಡುಗನ ಮನೆ ಕುಸಿದದ್ದು. ಈ ನಷ್ಟವನ್ನು ನೇರವಾಗಿ ತುಂಬಿಕೊಡುವುದು ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇ.ಎಸ್.ಐ. ಕೆಲಸದಲ್ಲಿ ಪೆಟ್ಟಾಗಿ ದುಡಿಯಲಾಗದಿದ್ದರೆ ಆ ಅವಧಿಗೆ ವೇತನದ ಶೇಕಡ 90, ಕಾಯಿಲೆಯಿಂದ ಮಲಗಿದರೆ ವರ್ಷದಲ್ಲಿ 91 ದಿನಗಳವರೆಗೆ ಶೇಕಡ 70 ಕೊಡುತ್ತದೆ. ವಂತಿಗೆ 2019ರ ಜುಲೈನಿಂದ ಉದ್ಯಮದ ಕಡೆಯಿಂದ ವೇತನದ ಶೇಕಡ 3.25, ಕಾರ್ಮಿಕನ ಕಡೆಯಿಂದ ಶೇಕಡ 0.75. ತಿಂಗಳಿಗೆ 15,000 ರೂಪಾಯಿ ವೇತನವಿದ್ದರೆ ಉದ್ಯಮಕ್ಕೆ ಸುಮಾರು 488, ಕಾರ್ಮಿಕನಿಗೆ ಸುಮಾರು 113 ರೂಪಾಯಿ ಬೀಳುತ್ತದೆ. ಹಿಂದೆ ಇದು ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳ ಮಾತಾಗಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ, ಹತ್ತಕ್ಕಿಂತ ಕಡಿಮೆ ಜನರ ಸಂಸ್ಥೆಯೂ ಮಾಲೀಕ ಮತ್ತು ಬಹುಪಾಲು ಕಾರ್ಮಿಕರ ಒಪ್ಪಿಗೆಯಿಂದ ಸ್ವಇಚ್ಛೆಯಿಂದ ಸೇರಬಹುದು. ಆದರೆ ತಂಡವು ಒಂದು ಸಂಸ್ಥೆಯಾಗಿ ನೋಂದಾಯಿತವಾಗಿ, ವೇತನದ ಲೆಕ್ಕ ಇಟ್ಟಿರಬೇಕು. ಅದರ ಚಿಕಿತ್ಸಾಲಯ ನಮ್ಮ ಘಟ್ಟದ ಊರುಗಳಿಗೆ ಎಷ್ಟು ದೂರ ಎಂಬುದನ್ನೂ ವಿಚಾರಿಸಿಯೇ ಹೆಜ್ಜೆಯಿಡಬೇಕು.

ಮರಕ್ಕೆ ಎಂಟಾಣೆ

ಅಲ್ಲಿಯವರೆಗೆ ಕಾಯಲಾಗದೆ ನಾವೇ ಒಂದು ನಿಧಿ ಮಾಡಿದೆವು. ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಿರಿ.

ಎರಡು ವಿಮೆಗಳು ಮತ್ತು 500 ರೂಪಾಯಿ ಲೆಕ್ಕದಲ್ಲಿ ಯಶಸ್ವಿನಿ ಸೇರಿ ಒಬ್ಬನಿಗೆ ವರ್ಷಕ್ಕೆ 956 ರೂಪಾಯಿ. ವರ್ಷದಲ್ಲಿ 200 ದಿನ ಕೆಲಸವೆಂದರೆ ದಿನಕ್ಕೆ ಐದು ರೂಪಾಯಿಗಿಂತ ಕಡಿಮೆ. ಇದರ ಮೇಲೆ ದಿನಕ್ಕೆ 20 ರೂಪಾಯಿ ನಿಧಿಗೆ. ಒಟ್ಟು 25 ರೂಪಾಯಿ. ಒಬ್ಬನು ದಿನಕ್ಕೆ 50 ಮರ ನೋಡುತ್ತಾನೆಂದು ಹಿಡಿದರೂ ಮರಕ್ಕೆ ಬೀಳುವುದು 50 ಪೈಸೆ, ನಮ್ಮ ಹಿರಿಯರ ಲೆಕ್ಕದಲ್ಲಿ ಎಂಟಾಣೆ. ಎಂಟು ಜನರಿಂದ ವರ್ಷಕ್ಕೆ ನಿಧಿಯಲ್ಲಿ 32,000 ರೂಪಾಯಿ ಕೂಡುತ್ತದೆ. ದಿನಗೂಲಿ ಸಾವಿರವೆಂದು ಇಟ್ಟುಕೊಂಡರೆ, ಬಿದ್ದವನಿಗೆ ಅರ್ಧ ಕೂಲಿಯಂತೆ 64 ದಿನ ಕೊಡಬಹುದು. ಒಂದೇ ವರ್ಷ ಇಬ್ಬರು ಬಿದ್ದರೆ ಸಾಲದು, ನಿಜ. ಆದರೆ ಓಲೆ ಅಡವಿಡುವ ಮೊದಲ ತಿಂಗಳನ್ನು ದಾಟಿಸಲು ಸಾಕು.

ಈ ಎಂಟಾಣೆಯನ್ನು ಯಾರು ಕೊಡಬೇಕು? ಕಾರ್ಮಿಕನ ಕೂಲಿಯಿಂದ ಮುರಿಯಬಾರದೆಂದು ನಾವು ನಿರ್ಧರಿಸಿದೆವು. ತೋಟದವರಿಗೆ ಕೊಡುವ ಚೀಟಿಯಲ್ಲಿ "ಆರೋಗ್ಯ ಪಾಲು" ಎಂದು ಪ್ರತ್ಯೇಕವಾಗಿ ಬರೆಯುತ್ತೇವೆ. ಮೊದಲ ವರ್ಷ ಕೆಲವರು ಮುಖ ಸಿಂಡರಿಸಿದರು. "ಅರ್ಧ ಎಕರೆಯವ ನಾನು, ಎಲ್ಲಿಂದ ತರಲಿ?" ಎಂದರು ಒಬ್ಬ ಹಿರಿಯರು. ಅವರ ಪ್ರಶ್ನೆ ಸಣ್ಣದಲ್ಲ. ಅವರೊಂದಿಗೆ ಕುಳಿತು ಲೆಕ್ಕ ಹಾಕಿದೆ. ಅರ್ಧ ಎಕರೆಯಲ್ಲಿ ಸುಮಾರು 275 ಮರ; ಎರಡು ಸಿಂಪಡಣೆ, ಎರಡು ಕೊಯ್ಲು ಸೇರಿ ವರ್ಷಕ್ಕೆ 550 ರೂಪಾಯಿ. ಹೆಚ್ಚೆಂದರೆ ಎರಡು ಕಿಲೋ ಅಡಿಕೆಯ ಬೆಲೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಲುತುತ್ತದ ದರ ಏರಿದಾಗ ನಾವು ಚರ್ಚೆ ಮಾಡೋದಿಲ್ಲ, ಅಲ್ವಾ" ಎಂದರು. ಆ ವರ್ಷ ಮೊದಲು ಹಣ ಕೊಟ್ಟವರು ಅವರೇ.

ಬೀಳದಂತೆ, ಕಾಯಿಲೆ ಬಾರದಂತೆ

ವಿಮೆಯೆಂಬುದು ಬಿದ್ದ ಮೇಲಿನ ಮಾತು. ಅದಕ್ಕಿಂತ ಮೊದಲಿನ ಮಾತೂ ಆರೋಗ್ಯ ಸೌಲಭ್ಯವೇ. ಸೊಂಟಪಟ್ಟಿ ಮತ್ತು ಹಗ್ಗವನ್ನು ತಂಡವೇ ಕೊಳ್ಳಬೇಕು, ಹಳತಾದುದನ್ನು ತಂಡವೇ ಬದಲಿಸಬೇಕು. ನೆಲದಲ್ಲಿ ನಿಂತೇ ಔಷಧಿ ಹೊಡೆಯುವ, ಕೊನೆ ಇಳಿಸುವ ಫೈಬರ್ ದೋಟಿಗಳು ಈಗ ನಮ್ಮ ಊರುಗಳಿಗೂ ಬಂದಿವೆ. ಪಾಚಿಗಟ್ಟಿದ ಮರಕ್ಕೆ ಮಳೆಗಾಲದಲ್ಲಿ ದೋಟಿಯೇ ಸರಿ. ಮರ ಒದ್ದೆಯಿದ್ದ ದಿನ ಏರುವುದಿಲ್ಲ ಎನ್ನುವ ಹಕ್ಕು ಏರುವವನದಾಗಿರಬೇಕು, ಅವಸರದಲ್ಲಿರುವ ತೋಟದವನದಲ್ಲ.

ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದನ್ನು ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಕಾಯಿಲೆಯಾದುದನ್ನು ಅಲ್ಲಿನ ವೈದ್ಯರು 1969ರಲ್ಲಿಯೇ ವರದಿ ಮಾಡಿದ್ದಾರೆ. ನಮ್ಮಲ್ಲಿ ಸಿಂಪಡಿಸುವವನು ತಲೆಯೆತ್ತಿ ಹೊಡೆಯುತ್ತಾನೆ, ದ್ರಾವಣ ಮುಖಕ್ಕೇ ಇಳಿಯುತ್ತದೆ. "ಇದು ಸಾವಯವಕ್ಕೂ ಒಪ್ಪಿತ, ವಿಷವಲ್ಲ" ಎಂಬ ಮಾತಿನಿಂದ ಕಣ್ಣಾಗಲಿ ಶ್ವಾಸಕೋಶವಾಗಲಿ ಉಳಿಯದು. ಕನ್ನಡಕ ಮತ್ತು ಮುಖಗವಸು ಕಡ್ಡಾಯ.

ಗಾಯಗೊಂಡ ಕಾಲಿನಲ್ಲಿ ತೋಟದ ನೀರು ತುಳಿಯುವವರಿಗೆ ಇಲಿಜ್ವರದ ಭಯವಿದೆ. ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ತಮ್ಮ ಕೆಲಸ ಯಾವುದೆಂದು ಮೊದಲು ಹೇಳಬೇಕು. ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ, 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಭಯ, ಮುಖ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಇನ್ನು ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ತುಂಬುವ ನಮ್ಮ ಅಭ್ಯಾಸ ಬಿಡಲೇಬೇಕು. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಅವನನ್ನು ಜೀವನವಿಡೀ ಮಲಗಿಸೀತು. 108ಕ್ಕೆ ಕರೆ ಮಾಡಿರಿ. ಸಾಗಿಸಲೇಬೇಕಾದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ಮಲಗಿಸಿರಿ.

ಪರಿಸರದ ಮಾತು ಇದೇ

ಪರಿಸರ ಬಳಗದ ಸಭೆಯಲ್ಲಿ ವಿಮೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಮರವನ್ನು ಬುಡಸಹಿತ ಕಡಿಯಲು ಯಂತ್ರವೊಂದಿದ್ದರೆ ಸಾಕು. ಕೊಂಬೆ ಸವರಿ ಮರವನ್ನು ಉಳಿಸಲು ಮರ ಬಲ್ಲ ಮನುಷ್ಯ ಬೇಕು. ಆ ವಿದ್ಯೆ ಬಲ್ಲವರ ಮಕ್ಕಳು ಇಂದು ಪಟ್ಟಣ ಸೇರುತ್ತಿದ್ದಾರೆ. ತಂದೆ ಬಿದ್ದಾಗ ಊರು ಹೇಗೆ ನಡೆದುಕೊಂಡಿತೆಂಬುದನ್ನು ಅವರು ಕಂಡಿದ್ದಾರೆ. ಅವರನ್ನು ದೂರುವ ಅಧಿಕಾರ ನಮಗಿಲ್ಲ.

ಕೊನೆಯದಾಗಿ ನನ್ನ ಕೋರಿಕೆ. ತೋಟದವರು ಈ ಮಳೆಗಾಲದಿಂದಲೇ ಮರಕ್ಕೆ ಎಂಟಾಣೆ ಆರೋಗ್ಯ ಪಾಲನ್ನು ಕೂಲಿಯಿಂದ ಬೇರೆಯಾಗಿ ಕೊಡಲಿ. ತಂಡ ಕಟ್ಟಿದವರು ಮೇ 20ರೊಳಗೆ ಖಾತೆಗಳನ್ನು ನೋಡಲಿ, ಮತ್ತು ನಿಯಮವನ್ನು ನನ್ನಂತೆ ಅಪಘಾತದ ಅನಂತರವಲ್ಲ, ಮೊದಲೇ ಓದಲಿ. ವಿದ್ಯಾರ್ಥಿಗಳು ತಮ್ಮೂರಿನ ಮರ ಏರುವವರ ಮನೆಗೆ ಹೋಗಿ, ಯಾರಿಗೆ ಯಾವ ಕಾರ್ಡು ಇದೆ, ಯಾವುದು ಇಲ್ಲ ಎಂದು ಪಟ್ಟಿ ಮಾಡಿ, ಅರ್ಜಿ ತುಂಬಿಕೊಡಲಿ. ಒಂದು ಭಾನುವಾರದ ಕೆಲಸವದು.

ನಮ್ಮ ಹುಡುಗ ಮತ್ತೆ ನಡೆಯುತ್ತಿದ್ದಾನೆ. ಮರ ಏರುವುದಿಲ್ಲ, ದೋಟಿ ಹಿಡಿಯುತ್ತಾನೆ, ಹೊಸಬರಿಗೆ ಕಲಿಸುತ್ತಾನೆ. ಅಡವಿಟ್ಟ ಓಲೆ ಹೋದ ವರ್ಷ ಮನೆಗೆ ಬಂತು. ಆದರೆ ಅದು ನಿಧಿಯಿಂದ ಬಂದುದಲ್ಲ, ಅವನ ಹೆಂಡತಿಯ ಎರಡು ವರ್ಷದ ದುಡಿಮೆಯಿಂದ ಬಂದುದು. ಇನ್ನೊಂದು ಮನೆಯಲ್ಲಿ ಹಾಗಾಗಬಾರದು.