ನೆಟ್ಟಗೆ ನಿಲ್ಲುವುದೋ, ನೆಲಕ್ಕೆ ಕೂಡುವುದೋ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರನ್ನು ಬಾಗಲಕೋಟೆ ಮಾಸ್ತರರು ಎಂದೇ ಕರೆಯಿತು. ನಾನೂ ಹಾಗೆಯೇ ಕರೆಯುತ್ತೇನೆ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದ ಅವರು, ಹುಡುಗರು ತಪ್ಪು ಉತ್ತರ ಹೇಳಿದಾಗ ಬಯ್ಯುತ್ತಿರಲಿಲ್ಲವಂತೆ. "ಮೊದಲ ಪ್ರಶ್ನೆ ಸರಿ ಕೇಳಿಕೊಂಡಿಯೇನು ನೋಡು" ಅನ್ನುತ್ತಿದ್ದರಂತೆ. ಅವರ ಹೆಸರಿನ ವೇದಿಕೆಗೆ ನನ್ನನ್ನು ಕರೆದದ್ದು ದೊಡ್ಡ ಮಾತು. ನಾನು ಹೇಳಬೇಕೆಂದಿರುವುದೂ ದೊಡ್ಡವರ ಬೆನ್ನಿನ ಡೊಂಕಿನ ಬಗ್ಗೆ ಕೇಳುವ ಒಂದು ತಪ್ಪು ಪ್ರಶ್ನೆಯ ಕುರಿತೇ.

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಯಾವ ವೈದ್ಯಕೀಯ ಪುಸ್ತಕದಲ್ಲೂ ಅವು ಸಿಗುತ್ತವೆ. ಬೆನ್ನುಮೂಳೆ ತಿರುಚಿಕೊಂಡು ಪಕ್ಕಕ್ಕೆ ಡೊಂಕಾಗುವುದು ಸ್ಕೋಲಿಯೋಸಿಸ್. ಕ್ಷಯದಿಂದ ಮೂಳೆ ಕುಸಿದು ಬರುವ ಗೂನು ಬೇರೆ. ನಮ್ಮ ಭಾಗದಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಳ್ಳುತ್ತೇವೆ. ಎಕ್ಸ್‌ರೇ ಮೇಲೆ ಡೊಂಕನ್ನು ಅಳೆಯುವ ಕ್ರಮವನ್ನು ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ವಿವರಿಸಿದರು. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ದೊಡ್ಡವರಲ್ಲಿ ಇದು ಎರಡು ಬಗೆ. ಒಂದು, ಹರೆಯದಲ್ಲಿ ಬಂದು ಹಾಗೇ ಉಳಿದದ್ದು. ಇನ್ನೊಂದು, ಐವತ್ತರ ಆಚೆಗೆ ನಡದ ಡಿಸ್ಕು, ಕೀಲು ಸವೆದು ಹೊಸದಾಗಿ ಹುಟ್ಟಿದ್ದು. ಇಷ್ಟು ಸಾಕು.

ರೋಗಿ ಒಳಗೆ ಬಂದವರೇ ಕೇಳುತ್ತಾರೆ: "ಎಷ್ಟ್ ಡಿಗ್ರಿ ಅದ್ರಿ? ಆಪರೇಶನ್ ಬೇಕೇನ್ರಿ?" ಈ ಎರಡು ಪ್ರಶ್ನೆಗಳ ನಡುವೆ ನೇರ ದಾರಿಯಿದೆ ಎಂಬ ನಂಬಿಕೆಯನ್ನು ಕಲಿಸಿದವರು ನಾವೇ, ವೈದ್ಯರು. ಹದಿನಾಲ್ಕರ ಹುಡುಗಿಗೆ ಆ ಲೆಕ್ಕ ಬಹುಮಟ್ಟಿಗೆ ಸರಿ, ಅವಳ ಮೂಳೆ ಇನ್ನೂ ಬೆಳೆಯುತ್ತಿದೆ. ಅರವತ್ತರ ಹೆಂಗಸಿಗೆ ಅದನ್ನೇ ಹಚ್ಚುವುದು ತಪ್ಪು. 2005ರಲ್ಲಿ ಗ್ಲಾಸ್‌ಮನ್ ಮತ್ತು ಸಂಗಡಿಗರು ತೋರಿಸಿದಂತೆ, ದೊಡ್ಡವರ ನೋವಿಗೂ ನಿತ್ಯದ ತೊಂದರೆಗೂ ಹೆಚ್ಚು ಹೊಂದಿಕೊಳ್ಳುವುದು ಪಕ್ಕದ ಡೊಂಕಲ್ಲ. ಮೈ ಎಷ್ಟು ಮುಂದಕ್ಕೆ ವಾಲಿದೆ ಎಂಬುದು.

ಈಗ ಆಪರೇಶನ್ ಬೇಕೋ ಬೇಡವೋ ಎಂಬ ಜಗಳಕ್ಕೆ ಬರುತ್ತೇನೆ.

ಒಂದು ಪಂಗಡದವರು "ವಯಸ್ಸು ಏರುವ ಮೊದಲೇ ಮಾಡಿಸಿಬಿಡಿ, ಡೊಂಕು ಬೆಳೆಯುತ್ತಲೇ ಹೋಗುತ್ತದೆ" ಎನ್ನುತ್ತಾರೆ. ಎಲ್ಲ ಡೊಂಕೂ ಬೆಳೆಯುವುದಿಲ್ಲ. ಅಯೋವಾದ ವೈನ್‌ಸ್ಟೀನ್ ಮತ್ತು ಪೊನ್ಸೆಟಿ ಹರೆಯದ ಡೊಂಕಿನವರನ್ನು ದಶಕಗಟ್ಟಲೆ ಹಿಂಬಾಲಿಸಿ 1983ರಲ್ಲಿ ಬರೆದರು: ಬೆಳವಣಿಗೆ ನಿಂತ ಮೇಲೆ 30 ಡಿಗ್ರಿಯ ಒಳಗಿನದು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ, ಎದೆಭಾಗದ 50ರಿಂದ 75ರ ಡೊಂಕು ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತದೆ. ಚಿಕಿತ್ಸೆ ಪಡೆಯದ ಇಂಥವರ ಐವತ್ತು ವರ್ಷಗಳ ಕಥೆ 2003ರಲ್ಲಿ ಪ್ರಕಟವಾಯಿತು. ಬೆನ್ನುನೋವು ಉಳಿದವರಿಗಿಂತ ಹೆಚ್ಚಿತ್ತು, ನಿಜ. ಆದರೂ ಬಹುಮಂದಿ ದುಡಿದು, ಸಂಸಾರ ಮಾಡಿ ಬದುಕಿದ್ದರು.

ಇನ್ನೊಂದು ಪಂಗಡ ನಮ್ಮ ಊರಕಟ್ಟೆಯದು, ಅದರಲ್ಲಿ ಕೆಲವು ವೈದ್ಯರೂ ಇದ್ದಾರೆ: "ಡುಬ್ಬಕ್ಕ ಕತ್ತಿ ಮುಟ್ಟಿಸಿದ್ರ ಕಾಲು ಹೋದ್ವು ಅಂತನ ತಿಳಕೋರಿ." ಭಯ ಸುಳ್ಳಲ್ಲ, ಉಬ್ಬಿಸಿದ್ದು. ತೀರಾ ಜಟಿಲ ಶಸ್ತ್ರಚಿಕಿತ್ಸೆಗಳನ್ನಷ್ಟೇ ನೋಡಿದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆಸ್ಪತ್ರೆ ಬಿಡುವಾಗ ಶೇ. 22ರಷ್ಟು ಜನರಿಗೆ ಕಾಲಿನ ಬಲ ಮೊದಲಿಗಿಂತ ಇಳಿದಿತ್ತು. ಎರಡು ವರ್ಷಕ್ಕೆ ಅದು ಶೇ. 10ರ ಸುಮಾರಿಗೆ ಬಂತು. ಬಲ ಇಳಿಯುವುದು ಬೇರೆ, ಕಾಲು ಹೋಗುವುದು ಬೇರೆ. ನನ್ನ ಹೆಚ್ಚಿನ ಚಿಂತೆ ಇನ್ನೊಂದು ಲೆಕ್ಕದ್ದು. ಅಮೆರಿಕದ 291 ರೋಗಿಗಳನ್ನು ಎರಡು ವರ್ಷ ನೋಡಿದ 2016ರ ವರದಿಯಲ್ಲಿ ಸಣ್ಣದೋ ದೊಡ್ಡದೋ ತೊಡಕು ಶೇ. 70ರಷ್ಟು ಮಂದಿಗೆ ಬಂದಿತ್ತು, ಮತ್ತೆ ಟೇಬಲ್ ಹತ್ತಬೇಕಾದವರು ಶೇ. 28. ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡವರು, ಎರಡನೇ ಸಲ ಯಾರ ಹೊಲ ಅಡವಿಟ್ಟು ಹೋಗಬೇಕು?

ಮೊದಲ ಪಂಗಡ ಇಲ್ಲಿ ತುರುಪಿನ ಎಲೆ ಒಗೆಯುತ್ತದೆ. 40ರಿಂದ 80 ವಯಸ್ಸಿನ, ನಡದ ಡೊಂಕಿನಿಂದ ನರಳುವವರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಅದು. "ಶಸ್ತ್ರಚಿಕಿತ್ಸೆಯೇ ಗೆದ್ದಿತು" ಎಂದು ಸಮ್ಮೇಳನಗಳಲ್ಲಿ ಹೇಳುತ್ತಾರೆ. ಪೂರ್ತಿ ಓದಿದವರು ಹಾಗೆ ಹೇಳಲಾರರು. ಚೀಟಿ ಎತ್ತಿ ಹಂಚಿದ್ದು 63 ಜನರನ್ನು ಮಾತ್ರ. ಅದರಲ್ಲಿ ಶಸ್ತ್ರಚಿಕಿತ್ಸೆ ಇಲ್ಲದ ಗುಂಪಿಗೆ ಬಿದ್ದವರಲ್ಲಿ ಶೇ. 64 ಮಂದಿ ಎರಡೇ ವರ್ಷದಲ್ಲಿ ಆಚೆ ಗುಂಪಿಗೆ ದಾಟಿ ಆಪರೇಶನ್ ಮಾಡಿಸಿಕೊಂಡರು. ಚೀಟಿಯಂತೆ ಲೆಕ್ಕ ಹಾಕಿದರೆ ವ್ಯತ್ಯಾಸ ತೋರಲಿಲ್ಲ. ಯಾರು ನಿಜವಾಗಿ ಮಾಡಿಸಿಕೊಂಡರು ಎಂದು ನೋಡಿದಾಗಲಷ್ಟೇ ಶಸ್ತ್ರಚಿಕಿತ್ಸೆಯ ತಕ್ಕಡಿ ತೂಗಿತು. ನೋವು ತಡೆಯಲಾರದವರು ತಾವೇ ಆರಿಸಿಕೊಂಡ ಚಿಕಿತ್ಸೆ ಅದು. ಅವರಿಗೆ ಲಾಭವಾದರೆ ಆಶ್ಚರ್ಯವೇನು? ನನಗೆ ಮುಖ್ಯವಾಗಿ ಕಂಡದ್ದು ಯಾರೂ ಎತ್ತಿಹೇಳದ ಮಾತು: ಮಾಡಿಸಿಕೊಳ್ಳದವರು ಆ ಎರಡು ವರ್ಷದಲ್ಲಿ ಸುಧಾರಿಸಲಿಲ್ಲ, ಸರಾಸರಿಯಲ್ಲಿ ಕೆಡಲೂ ಇಲ್ಲ. ಅಂದರೆ ಹೆಚ್ಚಿನವರಿಗೆ ಯೋಚಿಸಲು ಸಮಯವಿದೆ. ಉಚ್ಚೆಯ ಹಿಡಿತ ತಪ್ಪಿದವರಿಗೆ, ಕಾಲಿನ ಬಲ ದಿನದಿನಕ್ಕೆ ಇಳಿಯುತ್ತಿರುವವರಿಗೆ ಮಾತ್ರ ಈ ಮಾತು ಸಲ್ಲದು. ಅವರು ಇವತ್ತೇ ಹೊರಡಬೇಕು.

ಆ ಅಧ್ಯಯನಗಳು ಹೆಚ್ಚಾಗಿ ಕುರ್ಚಿಯ ಮೇಲೆ ಬದುಕುವವರವು. ದೀರ್ಘ ಜೋಡಣೆ ಎಂಬ ಶಸ್ತ್ರಚಿಕಿತ್ಸೆಯಲ್ಲಿ ನಡದ ಮೂಳೆಗಳಿಗೆ ಸ್ಕ್ರೂ, ಸಲಾಕೆ ಹಾಕಿ, ಎಷ್ಟೋ ಸಲ ಸೊಂಟದ ಮೂಳೆಯವರೆಗೂ ಇಳಿಸಿ, ಒಂದೇ ಕಂಬ ಮಾಡುತ್ತಾರೆ. ಮೈ ನೆಟ್ಟಗಾಗುತ್ತದೆ, ನಡ ಬಾಗುವುದು ಶಾಶ್ವತವಾಗಿ ನಿಲ್ಲುತ್ತದೆ. ಈ ಬಿಗಿತದ ಕಷ್ಟ ಅಳೆಯಲು ಅಮೆರಿಕದ ಹಾರ್ಟ್ ಮತ್ತು ಸಂಗಡಿಗರು 10 ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ: ಕಾಲುಚೀಲ ಹಾಕಿಕೊಳ್ಳಬಲ್ಲಿರಾ, ಕಾರು ಹತ್ತಿ ಇಳಿಯಬಲ್ಲಿರಾ, ಹೀಗೆ. ಅದನ್ನೇ ಇಲ್ಲಿ ತಂದು ಓದಿದರೆ ಹುನಗುಂದದ ಹೆಂಗಸು ಏನು ಹೇಳಿಯಾಳು? ಅವಳು ಕೇಳುವುದು ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣಲಾದೀತೇ, ಬಯಲಿಗೆ ಕೂತು ಏಳಲಾದೀತೇ, ಒಲೆ ಮುಂದೆ ಕೂತು ರೊಟ್ಟಿ ಬಡಿಯಲಾದೀತೇ, ಹೊಲದಾಗ ಕಳೆ ತೆಗೆಯಲಾದೀತೇ ಎಂದು. ನೆಲದ ಮೇಲೆ ಕೂರುವ ರೂಢಿಯ ಜಪಾನ್, ಕೊರಿಯಾದ ವೈದ್ಯರು ಈ ತೊಡಕನ್ನು ಗುರುತಿಸಿದ್ದಾರೆ. ನಮ್ಮಲ್ಲಿ ಸಮ್ಮತಿಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸುವಾಗ ಇದರ ಸುದ್ದಿಯೇ ಇರುವುದಿಲ್ಲ.

ಇಬ್ಬರನ್ನು ನೆನೆಯುತ್ತೇನೆ. ಇಳಕಲ್ಲಿನ ನೇಕಾರರೊಬ್ಬರ ಡೊಂಕು ಎಕ್ಸ್‌ರೇಯಲ್ಲಿ ಹೆದರಿಕೆ ಹುಟ್ಟಿಸುವಂತಿತ್ತು. ಅವರು ಹೇಳಿದ್ದು ಇಷ್ಟು: "ಡುಬ್ಬ ನೆಟ್ಟಗಾಗೂದು ಬ್ಯಾಡ್ರಿ ಸಾಹೇಬ್ರ. ಕುಣಿಮಗ್ಗಕ್ಕ ಇಳದು ಹತ್ತೂದು ಬೇಕ್ರಿ." ನಡೆಯಲು ತೊಂದರೆಯಿರಲಿಲ್ಲ, ಮೈ ಮುಂದಕ್ಕೆ ವಾಲಿರಲಿಲ್ಲ. ವ್ಯಾಯಾಮ, ನೋವಿನ ಮಾತ್ರೆ, ವರ್ಷಕ್ಕೊಂದು ಎಕ್ಸ್‌ರೇ ಇಷ್ಟರಲ್ಲೇ ಉಳಿಸಿದೆವು. ಬಾದಾಮಿ ಕಡೆಯ ರೊಟ್ಟಿ ಮಾರುವ ತಾಯಿಯ ಡೊಂಕು ಅವರದಕ್ಕಿಂತ ಕಡಿಮೆ. ಆದರೆ ತೊಡೆಯ ಮೇಲೆ ಕೈಯೂರದೆ ನಾಲ್ಕು ಹೆಜ್ಜೆ ನಡೆಯಲಾರದವಳಾಗಿದ್ದಳು, ಬನಶಂಕರಿ ಜಾತ್ರೆಯಲ್ಲಿ ತೇರನ್ನು ತಲೆಯೆತ್ತಿ ನೋಡಲಾರದೆ ಅತ್ತಿದ್ದಳು. ಎಲುಬಿನ ಸಾಂದ್ರತೆ ಪರೀಕ್ಷಿಸಿ, ಸಕ್ಕರೆ ಹತೋಟಿಗೆ ತಂದು, ನೆಲಕ್ಕೆ ಕೂರುವುದು ಹೋಗುತ್ತದೆಂದು ಮನೆಯವರೆಲ್ಲರ ಎದುರು ಹೇಳಿ, ಶಸ್ತ್ರಚಿಕಿತ್ಸೆಗೆ ಕಳಿಸಿದೆ. ಈಗ ಕಟ್ಟೆಯ ಮೇಲೆ ಒಲೆಯಿಟ್ಟು ನಿಂತೇ ರೊಟ್ಟಿ ಬಡಿಯುತ್ತಾಳೆ. ಡಿಗ್ರಿ ನೋಡಿ ತೀರ್ಮಾನಿಸಿದ್ದರೆ ಇಬ್ಬರಿಗೂ ತಿರುಗುಮುರುಗು ಆಗುತ್ತಿತ್ತು.

ಕೊನೆಗೊಂದು ವಿನಂತಿ. ನಮ್ಮ ಕಡೆ ಬೆನ್ನಿನ ಎಕ್ಸ್‌ರೇಯನ್ನು ಸಾಮಾನ್ಯವಾಗಿ ಮಲಗಿಸಿ ತೆಗೆಯುತ್ತಾರೆ. ಮಲಗಿದರೆ ಡೊಂಕು ಇಳಿಯುತ್ತದೆ, ಮೈ ವಾಲಿರುವುದು ಕಾಣುವುದೇ ಇಲ್ಲ. ಕುತ್ತಿಗೆಯಿಂದ ಸೊಂಟದ ಕೀಲಿನವರೆಗೆ, ಎದುರಿನಿಂದಲೂ ಪಕ್ಕದಿಂದಲೂ, ನಿಲ್ಲಿಸಿ ತೆಗೆಯಿರೆಂದು ಕೇಳಿ. ಹಳೆಯ ಫಿಲ್ಮುಗಳಿದ್ದರೆ ತಿಪ್ಪೆಗೆ ಹಾಕಬೇಡಿ, ಟ್ರಂಕಿನಲ್ಲಿಟ್ಟುಕೊಂಡು ಬರುವಾಗ ತನ್ನಿ.