ಫೋರ್ಕ್‌ಲಿಫ್ಟ್: ತೂಕದಷ್ಟೇ ಮುಖ್ಯ ದೂರ



ಕೆಲವು ವರ್ಷಗಳ ಹಿಂದೆ ನಾನೊಂದು ಉಗ್ರಾಣಕ್ಕೆ ಹೋಗಿದ್ದೆ. ಅಲ್ಲಿ ಫೋರ್ಕ್‌ಲಿಫ್ಟ್ ಒಂದು ಭಾರಿ ಪ್ಯಾಲೆಟ್ಟನ್ನು ಎತ್ತಲು ಹೊರಟಿತ್ತು. ಪ್ಯಾಲೆಟ್ ಮೇಲೇಳಲಿಲ್ಲ, ಗಾಡಿಯ ಹಿಂದಿನ ಚಕ್ರಗಳೇ ನೆಲ ಬಿಟ್ಟೆದ್ದವು. ಕೂಡಲೇ ಇಬ್ಬರು ಕೆಲಸಗಾರರು ನಗುತ್ತ ಹಿಂಬದಿಗೆ ಹತ್ತಿ ನಿಂತರು. ಹಿಂಭಾಗ ಕೆಳಗಿಳಿಯಿತು, ಕೆಲಸವೂ ಆಯಿತು. ಅಂದು ಯಾರಿಗೂ ಏನೂ ಆಗಲಿಲ್ಲವೆಂಬುದು ಅವರ ಪುಣ್ಯ. ಅವರು ಮಾಡಿದ್ದು ಎಂಥ ಅಪಾಯವೆಂದು ತಿಳಿಯಲು ನೀವು ಶಾಲೆಯಲ್ಲಿ ಓದಿದ ಸನ್ನೆಯ ಪಾಠವೇ ಸಾಕು.

ಪ್ಯಾಲೆಟ್ ಎಂದರೆ ಸರಕು ಪೇರಿಸುವ ಮಣೆ. ಮರದ್ದೋ ಪ್ಲಾಸ್ಟಿಕ್ಕಿನದೋ ಇರುತ್ತದೆ. ಅದರ ಅಡಿಯ ಸಂದಿಗೆ ಗಾಡಿಯ ಎರಡು ಉಕ್ಕಿನ ಫೋರ್ಕುಗಳು ತೂರಿ ಹೊರೆಯನ್ನು ಎತ್ತುತ್ತವೆ. ಹೊರೆ ಇರುವುದು ಮುಂದಿನ ಚಕ್ರಗಳಿಗಿಂತ ಆಚೆ. ಹಾಗಾಗಿ ಮುಂಚಕ್ರಗಳೇ ಆಧಾರ ಬಿಂದು. ಆಚೆ ಹೊರೆ, ಈಚೆ ಗಾಡಿಯ ತೂಕ ಮತ್ತು ಹಿಂಬದಿಯಲ್ಲಿ ಕೂರಿಸಿದ ಕಬ್ಬಿಣದ ಪ್ರತಿಭಾರ. ನಮ್ಮ ಹಳ್ಳಿಯ ಏತವನ್ನು ಕಂಡವರಿಗೆ ಇದು ಹೊಸದೇನಲ್ಲ.

ಗಾಡಿಗೆ ಅಂಟಿಸಿದ ಫಲಕದಲ್ಲಿ 1500 ಕಿಲೋ, 500 ಮಿ.ಮೀ. ಎಂದು ಬರೆದಿದೆ ಎನ್ನೋಣ. ಅನೇಕರು ಮೊದಲನೆಯ ಅಂಕಿಯನ್ನು ಮಾತ್ರ ಓದುತ್ತಾರೆ. ಎರಡನೆಯದು, ಫೋರ್ಕಿನ ನೆಟ್ಟಗಿನ ಭಾಗದಿಂದ ಹೊರೆಯ ಗುರುತ್ವಕೇಂದ್ರಕ್ಕಿರುವ ದೂರ. ಆ ನೆಟ್ಟಗಿನ ಭಾಗ ಮುಂಚಕ್ರದ ಅಚ್ಚಿನಿಂದ 400 ಮಿ.ಮೀ. ಮುಂದಿದೆಯೆಂದು ಇಟ್ಟುಕೊಳ್ಳಿ. ಅಲ್ಲಿಗೆ ಒಟ್ಟು ದೂರ 900. ಅದನ್ನು 1500ರಿಂದ ಗುಣಿಸಿದರೆ 13,50,000. ಈ ಗುಣಲಬ್ಧವೇ ಗಾಡಿಯ ಮಿತಿ. ಈಗ 1200ಕ್ಕೆ 1000 ಮಿ.ಮೀ. ಅಳತೆಯ ಪ್ಯಾಲೆಟ್ಟನ್ನು ಅಡ್ಡಬದಿಯಿಂದ ಎತ್ತಿದರೆ ಕೇಂದ್ರ 500ರಲ್ಲಿ ಬೀಳುತ್ತದೆ. ಉದ್ದಕ್ಕೆ ಎತ್ತಿದರೆ 600. ಒಟ್ಟು ದೂರ 1000 ಆಯಿತು. ಎತ್ತಬಹುದಾದ ತೂಕ 1350 ಕಿಲೋಗೆ ಇಳಿಯಿತು! ಫೋರ್ಕನ್ನು ಪೂರ್ತಿ ತೂರಿಸದೆ 200 ಮಿ.ಮೀ. ಅಂತರ ಬಿಟ್ಟರೆ ಬರೀ 1125. ಸರಕು ಅದೇ, ಗಾಡಿ ಅದೇ. ಇದು ಲೆಕ್ಕ ತಿಳಿಯಲು ಹೇಳಿದ್ದು. ನಿಜವಾದ ಗಾಡಿಗೆ ಅದರ ಫಲಕವೇ ಪ್ರಮಾಣ.

ಹಿಂಬದಿಗೆ ಹತ್ತಿದವರ ವಿಷಯಕ್ಕೆ ಬರೋಣ. ಈ ಗಾಡಿ ಕಾರಿನಂತಲ್ಲ, ತಿರುಗುವುದು ಹಿಂದಿನ ಚಕ್ರಗಳಿಂದ. ಅವು ಹಗುರವಾದರೆ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಮನುಷ್ಯರನ್ನು ಪ್ರತಿಭಾರ ಮಾಡಿಕೊಂಡಾಗ, ಒಬ್ಬನ ಕಾಲು ಜಾರಿದ ಕ್ಷಣವೇ ತಕ್ಕಡಿ ಮುಂದಕ್ಕೆ ವಾಲುತ್ತದೆ. ಆಗ ಎದುರಿಗೆ ನಿಂತವರ ಗತಿ?

ಪಕ್ಕಕ್ಕೆ ಉರುಳುವುದು ಇನ್ನೊಂದು ಕಥೆ. ಚಕ್ರಗಳು ನಾಲ್ಕಿದ್ದರೂ ಹಿಂದಿನ ಅಚ್ಚು ಸಾಮಾನ್ಯವಾಗಿ ನಡುವಿನ ಒಂದು ಕೀಲಿನ ಮೇಲೆ ಓಲಾಡುತ್ತದೆ. ಆದ್ದರಿಂದ ಗಾಡಿ ನಿಂತಿರುವುದು ವಾಸ್ತವದಲ್ಲಿ ತ್ರಿಕೋನದ ಮೇಲೆ: ಎರಡು ಮುಂಚಕ್ರಗಳು, ಹಿಂದೆ ಆ ಕೀಲು. ಗಾಡಿ ಮತ್ತು ಹೊರೆಯ ಒಟ್ಟು ಗುರುತ್ವಕೇಂದ್ರದ ಲಂಬರೇಖೆ ಈ ತ್ರಿಕೋನ ದಾಟಿದರೆ ಗಾಡಿ ಮಗುಚುತ್ತದೆ. ಖಾಲಿ ಗಾಡಿಯ ಕೇಂದ್ರ ಹಿಂದೆ, ತ್ರಿಕೋನದ ಕಿರಿದಾದ ಕಡೆಗೆ ಇರುತ್ತದೆ. ಹೊರೆ ಇಲ್ಲವೆಂದು ರಭಸದಿಂದ ತಿರುಗಿಸುವವರು ಇದನ್ನು ಮರೆಯುತ್ತಾರೆ.

ಇಷ್ಟು ತಿಳಿದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಹೊರೆಯನ್ನು ನೆಲದಿಂದ ಸುಮಾರು ಗೇಣಿನಷ್ಟೇ ಎತ್ತಿ, ತುಸು ಹಿಂದಕ್ಕೆ ವಾಲಿಸಿ ಸಾಗಿಸುವುದೇಕೆಂದು ನೀವೇ ಹೇಳಬಲ್ಲಿರಿ. ಇಳಿಜಾರಿನಲ್ಲಿ ಹೊರೆ ಸದಾ ಏರಿನ ಕಡೆಗಿರಬೇಕು. ಅಂದರೆ ಹತ್ತುವುದು ಮುಂದಕ್ಕೆ, ಇಳಿಯುವುದು ರಿವರ್ಸಿನಲ್ಲಿ. ಸಮತಟ್ಟಿನಲ್ಲಿ ಹೊರೆ ಕಣ್ಣಿಗೆ ಅಡ್ಡವಾದರೂ ರಿವರ್ಸೇ ಲೇಸು. ಎತ್ತಿದ ಫೋರ್ಕಿನ ಕೆಳಗೆ ಯಾರೂ ಸುಳಿಯಬಾರದು.

ಗಾಡಿ ಉರುಳತೊಡಗಿದರೆ? ಹೊರಗೆ ಹಾರೋಣವೆಂದೇ ಮನಸ್ಸು ಹೇಳುತ್ತದೆ. ಆದರೆ ಹಾರಿದವನ ಮೇಲೆಯೇ ತಲೆಯ ಮೇಲಿನ ಉಕ್ಕಿನ ಚೌಕಟ್ಟು ಬಂದು ಬೀಳುತ್ತದೆ. ಕೂತು ನಡೆಸುವ ಗಾಡಿಯಲ್ಲಿ ಸೀಟ್ ಬೆಲ್ಟ್ ಕಟ್ಟಿರಬೇಕು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕಾಲನ್ನು ಒತ್ತಿ ಊರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ ಒಳಗೇ ಇರಬೇಕು.

ಅಂದು ಆ ಉಗ್ರಾಣದಲ್ಲಿ ಮಾಡಬೇಕಾಗಿದ್ದ ಕೆಲಸ ಬಹಳ ಸಣ್ಣದು. ಹೊರೆಯನ್ನು ಮೆಲ್ಲನೆ ನೆಲಕ್ಕಿಳಿಸಿ, ಮೇಲಿನ ಅರ್ಧ ಪೆಟ್ಟಿಗೆಗಳನ್ನು ಇನ್ನೊಂದು ಪ್ಯಾಲೆಟ್ಟಿಗೆ ಹಾಕಿ, ಎರಡು ಸಲ ಹೋಗಿಬರುವುದು. ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯುತ್ತಿತ್ತು.