ಅಧಿಕಾರ, ಲೋಕಸೇವೆ ಮತ್ತು ದೇಶಭಕ್ತಿ: ಮುಂಡರಗಿ ಭೀಮರಾಯರ ಸ್ಮರಣೆಯಲ್ಲಿ ಕೆಲವು ವಿಚಾರಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಾರ್ವಜನಿಕ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಇದನ್ನು ಕಟ್ಟಿದ ಗುರುಗಳನ್ನೂ, ಕಲ್ಲು ಹೊತ್ತ ಭಕ್ತಾದಿಗಳನ್ನೂ ಅನೇಕರು ಸ್ಮರಿಸಿದ್ದಾರೆ. ಅದು ಉಚಿತವೇ ಆಗಿದೆ. ಆದರೆ ಧರ್ಮಕೇಂದ್ರವೊಂದು ಆಕಾಶದಲ್ಲಿ ನಿಲ್ಲುವುದಿಲ್ಲ. ಅದಕ್ಕೊಂದು ನೆಲವುಂಟು, ಆ ನೆಲಕ್ಕೊಂದು ಚರಿತ್ರೆಯುಂಟು. ನಮ್ಮ ಮನೆಗಳಿಂದ ಇಂದು ಹಲವು ಮಂದಿ ತರುಣ ತರುಣಿಯರು ಸರಕಾರದ ಸೇವೆಗೆ ಸೇರುತ್ತಿದ್ದಾರೆ. ಕೆಲವರು ಶಾಲೆಗಳಲ್ಲಿ, ಕೆಲವರು ಪೋಲೀಸು ಖಾತೆಯಲ್ಲಿ, ಕೆಲವರು ಕಚೇರಿಗಳಲ್ಲಿ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ನೆಲದ ಒಬ್ಬ ಅಧಿಕಾರಿಯ ಬಾಳನ್ನು ತಮ್ಮ ಮುಂದೆ ಇರಿಸಬೇಕೆಂದು ನಾವು ಬಯಸುತ್ತೇವೆ. ಅವರೇ ಮುಂಡರಗಿಯ ನಾಡಗೀರ ಮನೆತನದ ಭೀಮರಾಯರು.

ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ನಿಂತು ಆಚೆಗೆ ನೋಡಿದರೆ ಕಾಣುವುದು ಹೂವಿನಹಡಗಲಿಯ ಸೀಮೆ. ಇತ್ತ ಗದಗ ಜಿಲ್ಲೆ, ಅತ್ತ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆ. ಎರಡು ದಂಡೆಗಳಲ್ಲೂ ಒಂದೇ ಭಾಷೆ, ಒಂದೇ ಬಿತ್ತನೆ, ಒಂದೇ ಬಗೆಯ ರೊಟ್ಟಿ. ಆದರೆ ಭೀಮರಾಯರ ಕಾಲದಲ್ಲಿ ಈ ತುಂಗಭದ್ರೆಯೇ ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಈಚೆಯ ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದರೆ, ಆಚೆಯ ಬಳ್ಳಾರಿ ಸೀಮೆ ಮದರಾಸು ಇಲಾಖೆಗೆ ಸೇರಿತ್ತು. ಪೂರ್ವಕ್ಕೆ ಸ್ವಲ್ಪ ನಡೆದರೆ ಕೊಪ್ಪಳ, ಅದು ಹೈದರಾಬಾದಿನ ನಿಜಾಮರ ರಾಜ್ಯ. ಭೀಮರಾಯರು ಹುಟ್ಟಿದ್ದು ಮುಂಬಯಿ ಇಲಾಖೆಯ ಮುಂಡರಗಿಯಲ್ಲಿ. ತಹಶೀಲ್ದಾರರಾಗಿ ದುಡಿದದ್ದು ಮದರಾಸು ಇಲಾಖೆಯ ಬಳ್ಳಾರಿ ಸೀಮೆಯಲ್ಲಿ. ಪ್ರಾಣ ಬಿಟ್ಟದ್ದು ನಿಜಾಮರ ಕೊಪ್ಪಳದಲ್ಲಿ. ಮೂರು ಸರಕಾರಗಳ ನಡುವೆ ಹರಿದುಹಂಚಿಹೋಗಿದ್ದ ನಾಡಿನಲ್ಲಿ ಈ ಒಬ್ಬ ಮನುಷ್ಯನ ಬಾಳು ಮೂರನ್ನೂ ಮುಟ್ಟಿತು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಧಾರವಾಡ, ಕೊಪ್ಪಳಗಳೂ ಒಂದೇ ರಾಜ್ಯದೊಳಗೆ ಬಂದವು. ಅದಕ್ಕೆ ಸುಮಾರು ಒಂದು ಶತಮಾನ ಮೊದಲೇ ಈತನು ಆ ಗಡಿಗಳನ್ನು ಗಡಿಗಳೆಂದು ಎಣಿಸದೆ ನಡೆದಾಡಿದನು.

ತಹಶೀಲ್ದಾರನೆಂದರೆ ಆ ಕಾಲದ ರೈತನಿಗೆ ಸರಕಾರವೇ. ಲಂಡನ್ನಿನಲ್ಲಿರುವ ರಾಣಿಯನ್ನಾಗಲಿ, ಮದರಾಸಿನ ಗವರ್ನರನನ್ನಾಗಲಿ ಅವನು ಕಂಡವನಲ್ಲ. ಕಂದಾಯದ ಲೆಕ್ಕ ಬರೆಯುವವನು, ದಫ್ತರ ತೆರೆಯುವವನು, ತಕರಾರು ಕೇಳುವವನು ತಹಶೀಲ್ದಾರ. ಬೆಳೆ ಬಾರದ ವರ್ಷದಲ್ಲಿ ರೈತನ ಕಣ್ಣೀರನ್ನು ಮೊದಲು ನೋಡಬೇಕಾದವನೂ ಅವನೇ, ಬಾಕಿಗಾಗಿ ಅವನ ಬಾಗಿಲು ತಟ್ಟಬೇಕಾದವನೂ ಅವನೇ. ಇಂಥ ಹುದ್ದೆಯಲ್ಲಿದ್ದ ಭೀಮರಾಯರನ್ನು ಕಂಪನಿ ಸರಕಾರ ಕೆಲಸದಿಂದ ತೆಗೆಯಿತು. ಅವರು ಹೊಳೆ ದಾಟಿ ಹುಟ್ಟೂರಿಗೆ ಮರಳಿದರು.

ಅವರು ಮರಳಿದ ನಾಡು ಶಾಂತವಾಗಿರಲಿಲ್ಲ. 1852ರ ಕಾನೂನಿನ ಮೂಲಕ ಬಲಗೊಂಡ ಇನಾಮು ಆಯೋಗವು ತಲೆಮಾರುಗಳಿಂದ ಉಂಬಳಿ ಉಣ್ಣುತ್ತಿದ್ದ ಮನೆತನಗಳ ಹಕ್ಕುಪತ್ರಗಳನ್ನು ಕೇಳತೊಡಗಿತ್ತು. ಕಾಗದ ತೋರಿಸಲಾಗದವನ ಭೂಮಿ ಸರಕಾರದ ಪಾಲಾಗುತ್ತಿತ್ತು. ನರಗುಂದದ ಭಾಸ್ಕರರಾಯರಿಗೆ, ಅಂದರೆ ಬಾಬಾಸಾಹೇಬರಿಗೆ, ದತ್ತುಪುತ್ರನನ್ನು ಸ್ವೀಕರಿಸಲು ಅನುಮತಿ ದೊರೆಯಲಿಲ್ಲ. 1857ರಲ್ಲಿ ಜನರ ಬಳಿಯಿದ್ದ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂತು. ಬೇಟೆಯೇ ಬದುಕಾಗಿದ್ದ ಹಲಗಲಿಯ ಬೇಡರು ಅದೇ ವರ್ಷ ನವೆಂಬರಿನಲ್ಲಿ ಇದನ್ನು ಪ್ರತಿಭಟಿಸಿ ದಂಗೆಯೆದ್ದರು, ಅವರ ಊರು ಬೆಂಕಿಗೆ ಆಹುತಿಯಾಯಿತು. ಹೀಗೆ ದೇಸಾಯಿಯಿಂದ ಹಿಡಿದು ಬೇಡನವರೆಗೆ ಎಲ್ಲರ ಮನಸ್ಸೂ ಕುದಿಯುತ್ತಿತ್ತು. ಆಡಳಿತದ ಒಳಹೊರಗನ್ನು ಬಲ್ಲ ಭೀಮರಾಯರು ಈ ಚದುರಿದ ಅಸಮಾಧಾನವನ್ನು ಒಂದುಗೂಡಿಸಲು ಮುಂದಾದರು. ಹೊಳೆಯ ದಂಡೆಯ ಹಮ್ಮಿಗಿಯ ಕೆಂಚನಗೌಡರು ಅವರಿಗೆ ಜೊತೆಯಾದರು.

ಗುಪ್ತವಾಗಿ ಕೂಡಿಟ್ಟ ಶಸ್ತ್ರಾಸ್ತ್ರಗಳ ಸುಳಿವು ಸರಕಾರಕ್ಕೆ ಸಿಕ್ಕಿತು. ಇನ್ನು ಕಾಯುವುದಕ್ಕೆ ಕಾಲವಿರಲಿಲ್ಲ. 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಭೀಮರಾಯರು ಬಹಿರಂಗವಾಗಿಯೇ ಎದ್ದುನಿಂತರು. ಡಂಬಳದ ಸರಕಾರೀ ಖಜಾನೆಯನ್ನು ವಶಪಡಿಸಿಕೊಂಡು ಪೂರ್ವಕ್ಕೆ ಸಾಗಿ ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ 1ರಂದು ಮೇಜರ್ ಹ್ಯೂಸ್‌ನ ಸೇನೆ ಕೋಟೆಗೆ ಲಗ್ಗೆಯಿಟ್ಟಿತು. ಭೀಮರಾಯರೂ ಕೆಂಚನಗೌಡರೂ ಅಲ್ಲಿಯೇ ಮಡಿದರು. ಅವರು ಎದ್ದಂದಿನಿಂದ ಬಿದ್ದಂದಿನವರೆಗೆ ಎರಡು ವಾರಗಳೂ ಕಳೆದಿರಲಿಲ್ಲ. ಇದೇ ದಿನಗಳಲ್ಲಿ ನರಗುಂದವೂ ಎದ್ದಿತು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಮೇ 29ರ ರಾತ್ರಿ ಸುರೇಬಾನದಲ್ಲಿ ಹತನಾದನು. ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಪ್ರಿಯರೇ, ಇಲ್ಲಿ ಒಂದು ಪ್ರಶ್ನೆ ತಮ್ಮಲ್ಲಿ ಏಳಬಹುದು. ಪ್ರೀತಿಯನ್ನು ಬೋಧಿಸಬೇಕಾದ ಗುರುಗಳು ಖಡ್ಗ ಹಿಡಿದವನ ಕಥೆಯನ್ನು ದೇವಾಲಯದ ಅಂಗಳದಲ್ಲಿ ಹೇಳಬಹುದೇ? ಈ ಪ್ರಶ್ನೆಯನ್ನು ನಾವು ಮರೆಮಾಚುವುದಿಲ್ಲ. ರಾತ್ರಿಯ ವೇಳೆ ದಾಳಿಗೆ ಸಿಕ್ಕಿ ಸತ್ತ ಮ್ಯಾನ್ಸನನೂ ದೇವರು ಸೃಷ್ಟಿಸಿದ ಮನುಷ್ಯನೇ. ಅವನ ಶಿರಸ್ಸನ್ನು ನರಗುಂದದ ಬಾಗಿಲಿಗೆ ತೂಗುಹಾಕಿದ್ದನ್ನು ಶೌರ್ಯವೆಂದು ನಾವು ಕರೆಯಲಾರೆವು. ಹಲಗಲಿಯನ್ನು ಸುಟ್ಟದ್ದನ್ನು ನ್ಯಾಯವೆಂದೂ ಕರೆಯಲಾರೆವು. ರಕ್ತಕ್ಕೆ ರಕ್ತವೇ ಉತ್ತರವಾದಾಗ ಎರಡು ಪಕ್ಷಗಳಲ್ಲೂ ತಾಯಂದಿರು ಅಳುತ್ತಾರೆ. ಆದುದರಿಂದ ಭೀಮರಾಯರ ಖಡ್ಗವನ್ನು ನಾವು ತಮ್ಮ ಕೈಗೆ ಕೊಡುತ್ತಿಲ್ಲ. ಆ ಖಡ್ಗಕ್ಕಿಂತ ಮುಂಚೆ ಅವರ ಮನಸ್ಸಿನಲ್ಲಿ ನಡೆದ ನಿರ್ಧಾರವನ್ನು ಮಾತ್ರ ತಮ್ಮ ಮುಂದೆ ಇಡುತ್ತಿದ್ದೇವೆ. ಪದವಿ ಹೋದ ಅಧಿಕಾರಿಗೆ ಅಂದು ಹಲವು ಸುಲಭ ಮಾರ್ಗಗಳಿದ್ದವು. ಕಾಡಿಬೇಡಿ ಮತ್ತೊಂದು ಹುದ್ದೆ ಪಡೆಯಬಹುದಿತ್ತು. ವತನದ ಮನೆಯಲ್ಲಿ ಸುಖವಾಗಿ ಕುಳಿತಿರಬಹುದಿತ್ತು. ದಂಗೆಯ ಸುಳಿವನ್ನು ಸರಕಾರಕ್ಕೆ ಮುಟ್ಟಿಸಿ ಬಹುಮಾನವನ್ನೂ ಪಡೆಯಬಹುದಿತ್ತು. ಅವರು ಇವಾವುದನ್ನೂ ಆರಿಸಿಕೊಳ್ಳಲಿಲ್ಲ. ತನ್ನ ಅನ್ನ ಯಾರ ಕೈಯಿಂದ ಬರುತ್ತದೆ ಎಂಬುದಕ್ಕಿಂತ ತನ್ನ ಜನ ಯಾರು ಎಂಬುದನ್ನು ಅವರು ದೊಡ್ಡದೆಂದು ಭಾವಿಸಿದರು. ಅವರ ದೇಶಭಕ್ತಿಯ ಬೇರು ಇದು.

ಪವಿತ್ರ ಸಭೆಯ ಚರಿತ್ರೆಯಲ್ಲಿಯೂ ಇಂಥ ಸಂಕಟವನ್ನು ಕಂಡ ಅಧಿಕಾರಿಗಳುಂಟು. ಇಂಗ್ಲೆಂಡಿನ ಸಂತ ಥಾಮಸ್ ಮೋರ್ ಎಂಟನೆಯ ಹೆನ್ರಿ ದೊರೆಯ ಮಹಾಮಂತ್ರಿಯಾಗಿದ್ದವರು. ಅಂತಃಸಾಕ್ಷಿಗೆ ಒಪ್ಪದ ಕಾರ್ಯ ಎದುರಾದಾಗ 1532ರಲ್ಲಿ ಪದವಿಯನ್ನು ಬಿಟ್ಟುಕೊಟ್ಟರು, 1535ರಲ್ಲಿ ತಲೆಯನ್ನೂ ಕೊಟ್ಟರು. ಆದರೆ ಯಾರ ಮೇಲೂ ಕೈ ಎತ್ತಲಿಲ್ಲ. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ರಾಜ್ಯಾಡಳಿತಗಾರರ ಹಾಗೂ ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದರು. ಇನ್ನೊಂದು ನಿದರ್ಶನ ಶುಭಸಂದೇಶದಲ್ಲಿಯೇ ಇದೆ. ನಾವೇನು ಮಾಡಬೇಕೆಂದು ಸುಂಕದವರು ಬಂದು ಕೇಳಿದಾಗ ಸ್ನಾನಿಕ ಯೊವಾನ್ನರು ಅವರಿಗೆ ಕೆಲಸ ಬಿಡಿರೆಂದು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚಾಗಿ ವಸೂಲು ಮಾಡಬೇಡಿರೆಂದು ಮಾತ್ರ ಬೋಧಿಸಿದರು. ಹುದ್ದೆಯನ್ನು ಬಿಡುವುದೂ ಒಂದು ಸಾಕ್ಷ್ಯ, ಹುದ್ದೆಯಲ್ಲಿದ್ದು ಕೈ ಶುದ್ಧವಾಗಿಟ್ಟುಕೊಳ್ಳುವುದೂ ಒಂದು ಸಾಕ್ಷ್ಯ ಎಂಬುದನ್ನು ಇವೆರಡೂ ಕಲಿಸುತ್ತವೆ.

ಹುದ್ದೆಯಲ್ಲಿಯೇ ಇದ್ದು ನಾಡಿಗೆ ಉಪಕಾರ ಮಾಡಿದವರೂ ನಮ್ಮ ಸೀಮೆಯಲ್ಲಿ ಆಗಿಹೋಗಿದ್ದಾರೆ. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಅವರು ಬ್ರಿಟಿಷರ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿದ್ದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಅಂದು ಕನ್ನಡ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನು ಕಲಿಯಬೇಕಾಗಿದ್ದ ದುಸ್ಥಿತಿ. ಮೇಲಧಿಕಾರಿಯಾದ ರಸೆಲ್ ಸಾಹೇಬರ ಬೆಂಬಲವನ್ನು ಪಡೆದು, ಊರೂರು ತಿರುಗಿ, ತಾಯ್ತಂದೆಗಳಿಗೆ ತಿಳಿಯಹೇಳಿ ಅವರು ಕನ್ನಡ ಶಾಲೆಗಳನ್ನು ಬೆಳೆಸಿದರು. ಶಿಕ್ಷಕರನ್ನು ತರಬೇತುಗೊಳಿಸಿದರು. ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. ಭೀಮರಾಯರು ಮಡಿದ ಕೆಲವೇ ವರ್ಷಗಳಲ್ಲಿ, ಅದೇ ಸರಕಾರದ ಸಂಬಳವನ್ನು ಪಡೆಯುತ್ತಲೇ, ಚನ್ನಬಸಪ್ಪನವರು ಮಕ್ಕಳ ಪಾಟಿಯ ಮೇಲೆ ಕನ್ನಡದ ಅಕ್ಷರವನ್ನು ಮೂಡಿಸಿದರು. ಇವರಲ್ಲಿ ಯಾರು ಹೆಚ್ಚಿನ ದೇಶಭಕ್ತರು ಎಂದು ತೂಗಲು ನಮಗೆ ತಕ್ಕಡಿಯಿಲ್ಲ. ಒಬ್ಬರು ಹುದ್ದೆಯ ಹೊರಗೆ ನಿಂತು ಪ್ರಾಣ ಕೊಟ್ಟರು. ಇನ್ನೊಬ್ಬರು ಹುದ್ದೆಯ ಒಳಗೆ ನಿಂತು ಆಯುಷ್ಯ ಕೊಟ್ಟರು.

ಮೂರನೆಯ ಮಾರ್ಗವೊಂದಿದೆ. ಸರಕಾರದ ಕಾನೂನನ್ನೇ ಹಿಡಿದು ಜನರನ್ನು ಒಂದುಗೂಡಿಸುವ ಮಾರ್ಗ ಅದು. 1904ರಲ್ಲಿ ಸಹಕಾರಿ ಸಂಘಗಳ ಕಾನೂನು ಬಂತು. ಮರುವರ್ಷವೇ ಗದುಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲಿಯೇ ಮೊತ್ತಮೊದಲನೆಯದೆಂಬ ಕೀರ್ತಿ ಅದಕ್ಕಿದೆ. ಸಾಹುಕಾರನ ಬಡ್ಡಿಗೆ ಸಿಕ್ಕಿ ನಲುಗುತ್ತಿದ್ದ ಒಕ್ಕಲಿಗರು ತಮ್ಮ ತಮ್ಮೊಳಗೇ ಹಣ ಕೂಡಿಸಿ ತಮ್ಮವರಿಗೇ ಸಾಲ ಕೊಡುವ ಪದ್ಧತಿ ಅದು. ಖಡ್ಗ ಹಿಡಿಯದೆ ರೈತನ ಬೇಡಿಯನ್ನು ಸಡಿಲಿಸಬಹುದೆಂದು ನಮ್ಮದೇ ಜಿಲ್ಲೆಯ ಒಂದು ಹಳ್ಳಿ ದೇಶಕ್ಕೆ ತೋರಿಸಿಕೊಟ್ಟಿತು.

ಕ್ರೈಸ್ತರಾದ ನಮಗೆ ಈ ವಿಚಾರ ಇನ್ನೊಂದು ಕಾರಣದಿಂದಲೂ ಮುಖ್ಯವಾಗಿದೆ. ನಮ್ಮದು ಪರದೇಶದವರ ಮತ, ಆದ್ದರಿಂದ ನಮ್ಮ ನಿಷ್ಠೆಯೂ ಪರದೇಶದ್ದು ಎಂಬ ಮಾತನ್ನು ನಮ್ಮ ಮಕ್ಕಳು ಒಮ್ಮೊಮ್ಮೆ ಕೇಳಬೇಕಾಗುತ್ತದೆ. ಈ ಮಾತಿಗೆ ಕೋಪದಿಂದ ಉತ್ತರ ಕೊಡಬೇಡಿರಿ. ಕನ್ನಡ ಕರಾವಳಿಯ ಕಥೋಲಿಕರಾದ ಜೋಕಿಂ ಆಳ್ವರು ಸ್ವಾತಂತ್ರ್ಯ ಸಮರದಲ್ಲಿ ಸೆರೆಮನೆ ಕಂಡರು, 1952ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಆರಿಸಿ ಬಂದರು. ಅಂಥವರ ಬಾಳೇ ಮೊದಲ ಉತ್ತರ. ಎರಡನೆಯ ಉತ್ತರವನ್ನು ತಮ್ಮ ತಮ್ಮ ಮೇಜಿನ ಮುಂದೆ ಕುಳಿತು ತಾವೇ ಬರೆಯಬೇಕು. ಪ್ರಾಮಾಣಿಕನಾದ ಒಬ್ಬ ಗುಮಾಸ್ತ, ತಪ್ಪದೆ ಪಾಠ ಹೇಳುವ ಒಬ್ಬ ಶಿಕ್ಷಕಿ, ಬಡವನನ್ನು ಬಹುವಚನದಿಂದ ಮಾತನಾಡಿಸುವ ಒಬ್ಬ ಪೋಲೀಸಿನವನು, ಇವರು ನೂರು ಭಾಷಣಗಳಿಗಿಂತ ದೊಡ್ಡ ಉತ್ತರ.

ಇಂದು ನಮ್ಮನ್ನು ಆಳುವವರು ಕಂಪನಿಯವರಲ್ಲ. ಸರಕಾರ ನಮ್ಮದು, ಕಾನೂನು ನಮ್ಮದು, ಖಜಾನೆಯ ಹಣವೂ ನಮ್ಮದೇ. ಹಾಗಿರುವಾಗ ಖಜಾನೆಯನ್ನು ಲೂಟಿ ಮಾಡುವವನು ಇಂದು ವೀರನಾಗಲಾರನು. ಅವನು ಕಳ್ಳ. ಲಂಚ ತೆಗೆದುಕೊಳ್ಳುವುದೆಂದರೆ ಅದೇ ಲೂಟಿಯನ್ನು ದಿನಕ್ಕಿಷ್ಟರಂತೆ ಮಾಡುವುದು. ಭೀಮರಾಯರ ಒಡನಾಡಿಯ ಊರಾದ ಹಮ್ಮಿಗಿಯಲ್ಲಿ ಇಂದು ಸಿಂಗಟಾಲೂರು ಏತ ನೀರಾವರಿಗಾಗಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ನಿಂತಿದೆ. ಒಣಹೊಲಗಳಿಗೆ ನೀರು ಕೊಡಬೇಕೆಂಬ ಉದ್ದೇಶ ದೊಡ್ಡದು. ಆದರೆ ಹಿನ್ನೀರಿಗಾಗಿ ಮನೆಮಾರು ಬಿಡಬೇಕಾದವರ ಸಂಕಟವೂ ಸಣ್ಣದಲ್ಲ. ಪರಿಹಾರದ ಪಟ್ಟಿಯಲ್ಲಿ ಒಬ್ಬ ವಿಧವೆಯ ಹೆಸರು ಸರಿಯಾಗಿ ಬಿತ್ತೇ, ಅವಳ ಮನೆಯ ಅಳತೆ ಸರಿಯಾಗಿ ಬಂತೇ, ಒಂದು ಸಹಿಗಾಗಿ ಅವಳನ್ನು ಎಷ್ಟು ಸಲ ತಿರುಗಾಡಿಸಿದರು, ಇಂಥ ಕಡೆಯೇ ಅಧಿಕಾರಿಯ ದೇಶಭಕ್ತಿಯ ಪರೀಕ್ಷೆ ನಡೆಯುತ್ತದೆ. ಆಗಸ್ಟ್ 15ರಂದು ಧ್ವಜಕ್ಕೆ ವಂದಿಸಿ 16ರಂದು ಆ ಮುದುಕಿಯನ್ನು ಹಿಂದಕ್ಕೆ ಕಳಿಸುವವನು ವಂದಿಸಿದ್ದು ಬಟ್ಟೆಗೆ ಮಾತ್ರ.

ಜನರಾದ ನಮಗೂ ಒಂದು ಕರ್ತವ್ಯವಿದೆ. ನಮ್ಮ ಕೆಲಸ ಬೇಗ ಆಗಲೆಂದು ನೋಟು ಮಡಚಿ ಕೊಡುವವರು ನಾವೇ, ಆಮೇಲೆ ಅಧಿಕಾರಿಗಳೆಲ್ಲ ಕೆಟ್ಟರೆಂದು ದೂರುವವರೂ ನಾವೇ. ಒಳ್ಳೆಯ ಅಧಿಕಾರಿಯೊಬ್ಬನು ಊರಿಗೆ ಬಂದಾಗ ಅವನ ಬೆನ್ನಿಗೆ ನಿಲ್ಲುವವರು ಎಷ್ಟು ಜನ? ಅವನ ವರ್ಗವಾದಾಗ ಕಾರಣ ಕೇಳುವವರು ಎಷ್ಟು ಜನ? ಭೀಮರಾಯರಿಗೆ ಕೆಂಚನಗೌಡರು ಸಿಕ್ಕರು, ಚನ್ನಬಸಪ್ಪನವರಿಗೆ ಶಾಲೆಗೆ ಮಕ್ಕಳನ್ನು ಕಳಿಸಿದ ತಾಯ್ತಂದೆಗಳು ಸಿಕ್ಕರು. ಒಬ್ಬಂಟಿಗನಾದ ಪ್ರಾಮಾಣಿಕನು ಬೇಗನೆ ದಣಿಯುತ್ತಾನೆ. ಅವನನ್ನು ಒಬ್ಬಂಟಿಯಾಗಿ ಬಿಡದಿರುವುದು ಧರ್ಮಕೇಂದ್ರದ ಕೆಲಸವೂ ಹೌದು, ಊರಿನ ಕೆಲಸವೂ ಹೌದು.

ಆದುದರಿಂದ ಸರಕಾರದ ಸೇವೆಯಲ್ಲಿರುವ ನಮ್ಮ ಮಕ್ಕಳಲ್ಲಿ ನಮ್ಮ ವಿನಂತಿ ಇಷ್ಟೇ: ಭೀಮರಾಯರ ನಿರ್ಭಯವನ್ನು ತೆಗೆದುಕೊಳ್ಳಿರಿ, ಖಡ್ಗವನ್ನು ಚರಿತ್ರೆಗೆ ಬಿಡಿರಿ. ಚನ್ನಬಸಪ್ಪನವರ ತಾಳ್ಮೆಯನ್ನು ತೆಗೆದುಕೊಳ್ಳಿರಿ. ಕಣಗಿನಹಾಳದ ಗೌಡರಂತೆ ಹತ್ತು ಜನರನ್ನು ಕೂಡಿಸಿಕೊಂಡು ನಡೆಯಿರಿ. ಪದವಿ ಉಳಿಯಬೇಕಾದರೆ ಅನ್ಯಾಯಕ್ಕೆ ಸಹಿ ಹಾಕಲೇಬೇಕೆಂಬ ದಿನ ಬಂದರೆ, ಪದವಿಗಿಂತ ಆತ್ಮ ದೊಡ್ಡದೆಂಬುದನ್ನು ಮರೆಯದಿರಿ. ಅಂಥ ದಿನ ಬಾರದಿದ್ದರೆ, ಪ್ರತಿದಿನದ ಸಣ್ಣ ಕೆಲಸವನ್ನು ದೇವರ ಮುಂದೆ ಮಾಡುತ್ತಿದ್ದೇವೆಂಬ ಭಾವದಿಂದ ಮಾಡಿರಿ.

ಈ ಶತಮಾನೋತ್ಸವವನ್ನು ಆಚರಿಸುವ ಭಾಗ್ಯ ಕೊಟ್ಟ ದೇವರು ನಮ್ಮ ನಾಡನ್ನೂ, ನಾಡನ್ನು ನಡೆಸುವವರನ್ನೂ, ಅವರ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುವ ಬಡವರನ್ನೂ ಆಶೀರ್ವದಿಸಲಿ ಎಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.